ಸೈಕ್ಲೋಸ್ಟೈಲ್ ಹಾಳೆ ಹಿಡ್ಕೊಂಡು ಲೀಡ್ಸ್‌ವರೆಗೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಲೇಕ್ ಡಿಸ್ಟ್ರಿಕ್ಟು, ಸ್ಕಾಟ್ಲೆಂಡು ಅಂತ ಕುರಿ, ಗುಡ್ಡದ ಫೋಟೋ ಹಾಕೋ ಪ್ರವಾಸ ಕಥನ ಅಲ್ಲ. ಮಾರ್ಚ್ ಕೊನೆಗೆ ಲ್ಯಾಪ್ಸ್ ಆಗೋ ಐದು ದಿನ ರಜೆ ಉಳಿದಿತ್ತು, ಹೆಂಡ್ತಿ ಮಗು ಊರಿಗೆ ಹೋಗಿದ್ರು, ರೆಡಿಂಗ್‌ನಲ್ಲಿ ಒಬ್ನೇ ಕೂತು ಅನ್ನ ಸಾರು ಮಾಡ್ಕೊಂಡು ತಿನ್ನೋದಕ್ಕಿಂತ ಎಲ್ಲಾದ್ರೂ ಹೋಗೋಣ ಅನ್ನಿಸ್ತು. ಎಲ್ಲಿಗೆ ಅನ್ನೋದು ಮಾತ್ರ ಮೂರು ವರ್ಷದಿಂದ ತಲೇಲಿತ್ತು.

ಲೀಡ್ಸ್‌ನಲ್ಲಿ ಜೆ. ಮೈಕೆಲ್ ರೋಸೆನ್‌ಬ್ಲಮ್ ಅಂತ ಒಬ್ಬ ಇದ್ದ. ಸೈನ್ಸ್ ಫಿಕ್ಷನ್ ಹುಚ್ಚ. ದೊಡ್ಡ ಲೇಖಕ ಏನಲ್ಲ, ಅವನ ಹೆಸರಲ್ಲಿ ನಾವ್ಯಾರೂ ಓದಿರೋ ಒಂದೂ ಕಥೆ ಇಲ್ಲ. ಅವನು ಮಾಡಿದ್ದು ಇಷ್ಟು: 1940ರ ಅಕ್ಟೋಬರ್‌ನಿಂದ 1945ರ ಮಾರ್ಚ್‌ವರೆಗೆ, ಅಂದ್ರೆ ತಲೆ ಮೇಲೆ ಬಾಂಬ್ ಬೀಳ್ತಿರೋ ಕಾಲದಲ್ಲಿ, 'ಫ್ಯೂಚರಿಯನ್ ವಾರ್ ಡೈಜೆಸ್ಟ್' ಅನ್ನೋ ಪುಟ್ಟ ಪತ್ರಿಕೆ ತೆಗೆದು ಅಂಚೇಲಿ ಹಾಕ್ತಾ ಹೋದ. 39 ಸಂಚಿಕೆ. ಓದೋರು ಪ್ರೀತಿಯಿಂದ ಅದನ್ನ 'ಫಿಡೋ' ಅಂತ ಕರೀತಿದ್ರು, ಇಲ್ಲಿಯವರು ನಾಯಿಗಿಡೋ ಹೆಸರು, ನಮ್ಮಲ್ಲಿ ಟಾಮಿ ಇದ್ದ ಹಾಗೆ.

ನನಗ್ಯಾಕೆ ಇದರ ಹುಚ್ಚು ಅಂದ್ರೆ ನಮ್ಮಪ್ಪ. ಸಾಗರದ ಹತ್ರ ಹೈಸ್ಕೂಲ್‌ನಲ್ಲಿ ಕ್ಲರ್ಕ್ ಆಗಿದ್ರು, ಪರೀಕ್ಷೆ ಬಂತು ಅಂದ್ರೆ ಸ್ಟೆನ್ಸಿಲ್ ಕಟ್ ಮಾಡೋದು, ಸೈಕ್ಲೋಸ್ಟೈಲ್ ಮಷೀನಲ್ಲಿ ಕಾಪಿ ತೆಗೆಯೋದು ಎಲ್ಲ ಅವರದೇ ಕೆಲಸ, ಮನೆಗೆ ಬಂದ್ರೆ ಅಂಗಿ ತೋಳಿಗೆ ಕಪ್ಪು ಶಾಯಿ ಮೆತ್ತಿರೋದು, ಅಮ್ಮ ಸೀಮೆಎಣ್ಣೆ ಹಾಕಿ ಉಜ್ಜಿದ್ರೂ ಹೋಗ್ತಿರ್ಲಿಲ್ಲ. ನಾನು ಹುಟ್ಟೋಕೆ ಮುಂಚೆ, ಎಪ್ಪತ್ತರ ದಶಕದಲ್ಲಿ, ನಾಲ್ಕು ಜನ ಗೆಳೆಯರು ಸೇರಿ ಅದೇ ಮಷೀನಲ್ಲಿ ರಾತ್ರಿ ಹೊತ್ತು ಒಂದು ಕಥೆ ಪತ್ರಿಕೆನೂ ತೆಗೀತಿದ್ರಂತೆ, ಅರವತ್ತು ಕಾಪಿ. ಅದರದ್ದು ಒಂದೇ ಒಂದು ಹಾಳೆನೂ ಈಗ ಮನೇಲಿ ಇಲ್ಲ. ಹಾಗಾಗಿ ಒಂದಿನ ಕಂಪ್ಯೂಟರಲ್ಲಿ ಫಿಡೋದ ಸ್ಕ್ಯಾನ್ ಕಾಪಿ ಕಣ್ಣಿಗೆ ಬಿದ್ದಾಗ, ಆ ಮಸುಕು ಟೈಪ್ ಅಕ್ಷರ, ತುಂಬಿ ಹೋದ 'ಓ'ಗಳು, ಎಲ್ಲ ನೋಡಿ ಇದು ನಮ್ಮನೇದೇ ಅನ್ನಿಸ್ಬಿಡ್ತು. ಹತ್ತು ಪುಟ ಪ್ರಿಂಟ್ ಹಾಕಿ ಬ್ಯಾಗಲ್ಲಿಟ್ಕೊಂಡೆ.

ದಿನ 1, ಭಾನುವಾರ: ಲಂಡನ್

ಜೊತೆಗೆ ನನ್ನ ಭಾಮೈದ ಸಂದೀಪ. ಕವೆಂಟ್ರಿಲಿ ಎಂಎಸ್ಸಿ ಮಾಡ್ತಿದಾನೆ, ಅವನಿಗೆ ಸೈನ್ಸ್ ಫಿಕ್ಷನ್ ಅಂದ್ರೆ ಅಷ್ಟಕ್ಕಷ್ಟೇ, ಆದ್ರೆ ನನ್ನ ಪ್ಲಾನಲ್ಲಿ ಲಿವರ್‌ಪೂಲ್ ಇದೆ ಅಂತ ಗೊತ್ತಾದ ತಕ್ಷಣ "ಭಾವ, ಆನ್‌ಫೀಲ್ಡ್ ಸ್ಟೇಡಿಯಂ ಟೂರ್ ಮಾಡ್ಸಿದ್ರೆ ಬರ್ತೀನಿ" ಅಂದ. ಮಾಡ್ಸಣ ಬಾರೋ ಅಂದೆ.

ಚಾನ್ಸರಿ ಲೇನ್ ಸ್ಟೇಷನ್ನಲ್ಲಿ ಇಳಿದು ಗ್ರೇಸ್ ಇನ್ ರೋಡಲ್ಲಿ ಉತ್ತರಕ್ಕೆ ನಡೆದ್ವಿ. ಭಾನುವಾರ ಆದ್ರಿಂದ ಆಫೀಸ್ ಏರಿಯಾ ಎಲ್ಲ ಖಾಲಿ ಖಾಲಿ. ಈ ರೋಡಿನ 88ನೇ ನಂಬರ್ ಫ್ಲಾಟಲ್ಲಿ 1938ರಿಂದ ಮೂರು ಜನ ಬ್ಯಾಚುಲರ್‌ಗಳು ಒಟ್ಟಿಗೆ ಇದ್ರು. ಒಬ್ಬ ಸರ್ಕಾರಿ ಆಡಿಟ್ ಇಲಾಖೆ ಗುಮಾಸ್ತ, ಇನ್ನೊಬ್ಬ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಕೆಲಸ, ಮೂರನೆಯವನು ನನೀಟನ್ ಅನ್ನೋ ಸಣ್ಣ ಊರಿಂದ ಬಂದವನು, ಬರೋವಾಗ ತನ್ನ ಪತ್ರಿಕೆನೂ ಹೊತ್ಕೊಂಡು ಬಂದಿದ್ದ. ಆಡಿಟ್ ಗುಮಾಸ್ತನ ಹೆಸರು ಆರ್ಥರ್ ಸಿ. ಕ್ಲಾರ್ಕ್, ಆಮೇಲೆ ದೊಡ್ಡ ಸೈನ್ಸ್ ಫಿಕ್ಷನ್ ಲೇಖಕ ಆದವನು. ನಮಗೆಲ್ಲ ಗೊತ್ತಿರೋದು ಶ್ರೀಲಂಕಾದಲ್ಲಿ ಲುಂಗಿ ತರದ ಸರೋಂಗ್ ಸುತ್ಕೊಂಡು ಕೂತಿರೋ ಬೋಳುತಲೆ ಅಜ್ಜ, ಇಲ್ಲಿ ಅವನಿಗೆ ಇಪ್ಪತ್ತು ದಾಟಿತ್ತು ಅಷ್ಟೇ, ಗೆಳೆಯರು ಇಟ್ಟಿದ್ದ ಅಡ್ಡಹೆಸರು 'ಈಗೋ'. ಯಾಕೆ ಅಂತ ಬೇರೆ ಹೇಳ್ಬೇಕಾ. ಸ್ಟಾಕ್ ಎಕ್ಸ್‌ಚೇಂಜ್‌ನವನು ವಿಲಿಯಂ ಟೆಂಪಲ್, ನನೀಟನ್‌ನವನು ಮಾರಿಸ್ ಹ್ಯಾನ್ಸನ್. ಸೈನ್ಸ್ ಫಿಕ್ಷನ್ ಸಂಘದ ಕೆಲಸ, ಪತ್ರಿಕೆ ಕೆಲಸ ಎಲ್ಲ ಆ ಫ್ಲಾಟಲ್ಲೇ ನಡೀತಿತ್ತು.

ಸಂದೀಪನಿಗೆ ಇದನ್ನೆಲ್ಲ ಹೇಳ್ತಾ ನಡೀತಿದ್ದೆ, ಅವನು ಕೇಳಿದ ಒಂದೇ ಪ್ರಶ್ನೆ, "ಭಾವ, ಬಾಡಿಗೆ ಎಷ್ಟಿತ್ತಂತೆ?" ಲಂಡನ್ನಲ್ಲಿ ರೂಮ್ ಹುಡುಕಿ ಸುಸ್ತಾದವನ ಪ್ರಶ್ನೆ, ತಪ್ಪಿಲ್ಲ.

ಮಳೆ ಜೋರಾಯ್ತು. ಲ್ಯಾಂಬ್ಸ್ ಕಾಂಡ್ಯೂಟ್ ಸ್ಟ್ರೀಟ್ ಕಡೆ ಓಡಿ ಒಂದು ಕೆಫೆ ಹೊಕ್ಕಿ ಟೀ ಕುಡಿದ್ವಿ. ಹೋಲ್ಬರ್ನ್ ದಾಟಿದ್ರೆ ಫೆಟರ್ ಲೇನ್, ಯುದ್ಧ ಮುಗಿದ ಮೇಲೆ ಗುರುವಾರ ಸಂಜೆ ಇದೇ ಗುಂಪು ಅಲ್ಲಿನ ವೈಟ್ ಹಾರ್ಸ್ ಪಬ್ಬಲ್ಲಿ ಸೇರ್ತಿತ್ತು. ಆದ್ರೆ ನನ್ನ ಶೂ ಒಳಗೆ ನೀರು ಹೋಗಿತ್ತು, ಸಾಕು ಅನ್ನಿಸ್ತು, ವಾಪಸ್ ಯೂಸ್ಟನ್.

ದಿನ 2, ಸೋಮವಾರ: ನನೀಟನ್

ಯೂಸ್ಟನ್‌ನಿಂದ ಟ್ರೇನಲ್ಲಿ ಒಂದು ಗಂಟೆ ಚಿಲ್ರೆ. ನನೀಟನ್‌ಗೆ ಟೂರಿಸ್ಟ್‌ಗಳು ಬರಲ್ಲ, ಬಂದ್ರೂ ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್‌ಗೋಸ್ಕರ (ಗಂಡಸಿನ ಹೆಸರಲ್ಲಿ ಬರೆದ ಹೆಂಗಸು). ಆಯಮ್ಮ ಹುಟ್ಟಿದ್ದು ಇದೇ ಊರ ಪಕ್ಕದ ಆರ್ಬರಿಲಿ, 1819ರಲ್ಲಿ. ಪೇಟೆ ಮಧ್ಯೆ ಅವಳ ವಿಗ್ರಹ, ಅವಳ ಹೆಸರಿನ ಆಸ್ಪತ್ರೆ. ನಮ್ಮ ಶಿವಮೊಗ್ಗ ಜಿಲ್ಲೇಲಿ ಯಾವ ಕಡೆ ತಿರುಗಿದ್ರೂ ಕುವೆಂಪು ಹೆಸರು ಕಾಣಲ್ವಾ, ಹಾಗೆ. ಒಂದು ಕಾಲಕ್ಕೆ ರಿಬ್ಬನ್ ನೇಯೋ ಊರು, ಆಮೇಲೆ ಕಲ್ಲಿದ್ದಲ ಗಣಿ.

1936ರ ಮಾರ್ಚಲ್ಲಿ ಈ ಊರಿಂದ 'ನೋವೇ ಟೆರೇ' ಅಂತ ಒಂದು ಪತ್ರಿಕೆ ಬಂತು. ಲ್ಯಾಟಿನ್, ಹೊಸ ಜಗತ್ತುಗಳು ಅಂತ ಅರ್ಥ. ಹ್ಯಾನ್ಸನ್ ಮತ್ತೆ ಡೆನ್ನಿಸ್ ಜಾಕ್ಸ್ ಅನ್ನೋ ಇಬ್ಬರು ಹುಡುಗರು ತೆಗೆದಿದ್ದು, ಬ್ರಿಟನ್ನಿನ ಮೊದಲ ಫ್ಯಾನ್‌ಜೀನ್, ಅಂದ್ರೆ ಅಭಿಮಾನಿಗಳೇ ತೆಗೆಯೋ ಪತ್ರಿಕೆ, ಅಂತ ಇದನ್ನೇ ಹೇಳೋದು. ಆಗ ಫ್ಯಾನ್‌ಜೀನ್ ಅನ್ನೋ ಪದನೇ ಹುಟ್ಟಿರ್ಲಿಲ್ಲ ಅನ್ನಿ, ಅದನ್ನ ಅಮೆರಿಕಾದ ಲೂಯಿಸ್ ರಸೆಲ್ ಶೋವೆನೆ ಟಂಕಿಸಿದ್ದು 1940ರ ಅಕ್ಟೋಬರಲ್ಲಿ, ನಮ್ಮ ಫಿಡೋ ಶುರುವಾದ ತಿಂಗಳೇ.

ಈ ಹುಡುಗರಿಗೆ ಹುಚ್ಚು ಹಿಡಿದಿದ್ದು ಹೇಗೆ ಅಂದ್ರೆ ವುಲ್‌ವರ್ತ್ಸ್ ಅಂಗಡಿಯಿಂದ. ಅಮೆರಿಕಾದಲ್ಲಿ ಮಾರಾಟ ಆಗದೆ ಉಳಿದ ಪಲ್ಪ್ ಮ್ಯಾಗಝೀನ್‌ಗಳು (ಅಗ್ಗದ ಕಾಗದದ ಕಥೆ ಪತ್ರಿಕೆಗಳು) ಹಡಗಿನ ತಳದಲ್ಲಿ ತೂಕಕ್ಕೆ ಅಂತ ಬರ್ತಿದ್ವು ಅಂತ ಹೇಳ್ತಾರೆ, ಇಲ್ಲಿ ವುಲ್‌ವರ್ತ್ಸ್‌ನಲ್ಲಿ ರಾಶಿ ಹಾಕಿ ಒಂದಕ್ಕೆ ಮೂರು ಪೆನ್ನಿಗೆ ಮಾರೋರು. ಸಂಚಿಕೆಗಳು ಹಿಂದುಮುಂದು, ಧಾರಾವಾಹಿಯ ಎರಡನೇ ಕಂತು ಸಿಕ್ಕಿದ್ರೆ ಮೂರನೇದು ಸಿಕ್ತಿರ್ಲಿಲ್ಲ. ಮೂರನೇ ಕಂತು ಯಾರ ಹತ್ರ ಇದೆ ಅಂತ ಹುಡುಕೋಕೆ ಕಾಗದ ಬರೀಬೇಕು, ಕಾಗದ ಬರೆಯೋಕೆ ವಿಳಾಸ ಬೇಕು. ವಿಳಾಸ ಅಮೆರಿಕಾದ ಮ್ಯಾಗಝೀನಿನ ಓದುಗರ ಪತ್ರ ವಿಭಾಗದಲ್ಲಿ ಅಚ್ಚಾಗಿರೋದು! ಅಂದ್ರೆ ನನೀಟನ್‌ನವನಿಗೆ ಲೀಡ್ಸ್‌ನವನು ಇದಾನೆ ಅಂತ ನ್ಯೂಯಾರ್ಕಿನ ಮ್ಯಾಗಝೀನ್ ಓದಿ ಗೊತ್ತಾಗ್ತಿತ್ತು. 1934ರಲ್ಲಿ ಅಮೆರಿಕಾದ ಪ್ರಕಾಶಕ ಹ್ಯೂಗೋ ಗರ್ನ್ಸ್‌ಬ್ಯಾಕ್ ತನ್ನ ಮ್ಯಾಗಝೀನ್ ಮೂಲಕ ಸೈನ್ಸ್ ಫಿಕ್ಷನ್ ಲೀಗ್ ಅಂತ ಶುರು ಮಾಡಿದ ಮೇಲೆ ಊರೂರಲ್ಲಿ ಶಾಖೆ ಆಯ್ತು, ನನೀಟನ್ದೂ ಒಂದು, ಲೀಡ್ಸ್ದೂ ಒಂದು.

'ನೋವೇ ಟೆರೇ' 1939ರ ಶುರುವಿನವರೆಗೆ 29 ಸಂಚಿಕೆ ಬಂತು. ಆಮೇಲೆ ಲಂಡನ್ ಗುಂಪಿನ ಟೆಡ್ ಕಾರ್ನೆಲ್ ವಹಿಸ್ಕೊಂಡು ಹೆಸರನ್ನ ಇಂಗ್ಲಿಷ್ ಮಾಡಿ 'ನ್ಯೂ ವರ್ಲ್ಡ್ಸ್' ಅಂದ. ಯುದ್ಧ ಬಂತು, ನಿಂತ್ಹೋಯ್ತು. 1946ರಲ್ಲಿ ಅದೇ ಹೆಸರಲ್ಲಿ ಅದೇ ಕಾರ್ನೆಲ್ ಅಂಗಡೀಲಿ ಮಾರೋ ನಿಜವಾದ ಮ್ಯಾಗಝೀನ್ ತಂದ, ಬ್ರಿಟನ್ನಿನ ಅತಿ ಮುಖ್ಯ ಸೈನ್ಸ್ ಫಿಕ್ಷನ್ ಪತ್ರಿಕೆ ಆಯ್ತು ಅದು. ಮೂಲ ಈ ಊರು. ಊರಿನವರಿಗೆ ಗೊತ್ತಾ ಅಂತ ನೋಡಣ ಅಂದ್ಕೊಂಡು ಬೇಕರೀಲಿ ಒಬ್ಬ ಅಜ್ಜಿ ಹತ್ರ ಕೇಳ್ದೆ. "ಜಾರ್ಜ್ ಎಲಿಯಟ್ ವಿಗ್ರಹ ಆ ಕಡೆ ಇದೆ ಮಗ" ಅಂತ ಕೈ ತೋರಿಸಿದ್ರು. ಪೂರ್ತಿ ಕೇಳಿಸ್ಕೊಳ್ಳೋಕೂ ಹೋಗ್ಲಿಲ್ಲ.

ಇಲ್ಲಿ ನೋಡೋಕೆ ಬೇರೇನೂ ಇಲ್ಲ. ಸಂದೀಪ ಎರಡು ಸಾಸೇಜ್ ರೋಲ್ ತಿಂದ, ನಾನು ಚೀಸ್ ಪೇಸ್ಟ್ರಿ. ಕ್ರೂ ಜಂಕ್ಷನ್ನಲ್ಲಿ ಬದಲಾಯಿಸಿ ರಾತ್ರಿ ಲಿವರ್‌ಪೂಲ್.

ದಿನ 3, ಮಂಗಳವಾರ: ಲಿವರ್‌ಪೂಲ್

ಅವನು ಆನ್‌ಫೀಲ್ಡ್‌ಗೆ, ನಾನು ಯೂನಿವರ್ಸಿಟಿಗೆ. ಇಲ್ಲಿನ ಸಿಡ್ನಿ ಜೋನ್ಸ್ ಲೈಬ್ರರೀಲಿ ಸೈನ್ಸ್ ಫಿಕ್ಷನ್ ಫೌಂಡೇಶನ್‌ನ ದೊಡ್ಡ ಸಂಗ್ರಹ ಇದೆ, 1993ರಿಂದ. ಮುಂಚೆನೇ ಇಮೇಲ್ ಮಾಡಿ ಟೈಮ್ ತಗೊಂಡಿದ್ದೆ. ಕೋಟು ಬ್ಯಾಗು ಹೊರಗಿಡ್ಬೇಕು, ಪೆನ್ ಒಳಗೆ ಬಿಡಲ್ಲ, ಪೆನ್ಸಿಲ್ ಮಾತ್ರ. ನನ್ನ ಹತ್ರ ಪೆನ್ಸಿಲ್ಲೇ ಇರ್ಲಿಲ್ಲ, ಮೂರನೇ ಕ್ಲಾಸ್ ಹುಡುಗನ ತರ ಕೌಂಟರಲ್ಲಿದ್ದವರ ಹತ್ರ ಇಸ್ಕೊಂಡೆ.

ಒಂದು ಪೆಟ್ಟಿಗೆ ತಂದಿಟ್ರು. ಯುದ್ಧಕಾಲದ ಫ್ಯಾನ್ ಪತ್ರಿಕೆಗಳು. ಒಂದೊಂದೇ ಹಾಳೆ ಎತ್ತಿ ನೋಡ್ತಾ ಎರಡೂವರೆ ಗಂಟೆ ಕೂತೆ, ಇಡೀ ಟ್ರಿಪ್ಪಲ್ಲಿ ನನಗೆ ಬೇಕಿದ್ದದ್ದು ಇದೇ ಅಂತ ಆಗ ಗೊತ್ತಾಯ್ತು. ಸ್ಕ್ಯಾನಲ್ಲಿ ಕಾಣದ ವಿಷಯ ಏನಂದ್ರೆ ಕಾಗದ. ಬ್ಲಾಟಿಂಗ್ ಪೇಪರ್ ತರ ಮೆತ್ತಗೆ, ಸ್ವಲ್ಪ ಒರಟು, ಅಂಚೆಲ್ಲ ಕಂದಾಗಿ ಮುಟ್ಟಿದ್ರೆ ಉದುರೋ ಹಾಗೆ. ಸ್ಟೇಪಲ್ ಪಿನ್ ತುಕ್ಕು ಹಿಡಿದು ಸುತ್ತ ಕೆಂಪು ಕಲೆ. ಒಂದೇ ಕಟ್ಟಲ್ಲಿ ಬಿಳಿ ಹಾಳೆ, ಹಸಿರು ಹಾಳೆ, ಬಿಸ್ಕೆಟ್ ಬಣ್ಣದ ಹಾಳೆ, ಅಳತೆನೂ ಬೇರೆಬೇರೆ, ಸಿಕ್ಕಿದ್ದಕ್ಕೆ ಹೊಡೆದಿದ್ದಾರೆ. ಸ್ಟೆನ್ಸಿಲ್ ಕಟ್ ಮಾಡೋವಾಗ ಟೈಪ್‌ರೈಟರಿಂದು ರಿಬ್ಬನ್ ಸರಿಸಿ ಬರೀ ಅಚ್ಚಿನ ಮೊಳೆಯಿಂದ ಮೇಣದ ಹಾಳೆಗೆ ಹೊಡೀಬೇಕು, ಮೆತ್ತಗೆ ಹೊಡೆದ್ರೆ ಅಕ್ಷರ ಮೂಡಲ್ಲ, ಜೋರಾಗಿ ಹೊಡೆದ್ರೆ 'ಓ' ಒಳಗಿನ ಗುಂಡಿ ಉದುರಿ ಕಪ್ಪು ಚುಕ್ಕೆ ಆಗುತ್ತೆ. ಇಲ್ಲಿ ಹೊಡೆದವನ ಕೈ ಜೋರಿತ್ತು. ತಪ್ಪಾದ್ರೆ ನೈಲ್ ಪಾಲಿಶ್ ವಾಸನೆಯ ದ್ರವ ಹಚ್ಚಿ, ಒಣಗಿಸಿ, ಮೇಲೆ ಮತ್ತೆ ಹೊಡೀಬೇಕು, ಹಾಗೆ ತಿದ್ದಿದ ಜಾಗದಲ್ಲಿ ಅಕ್ಷರ ಸ್ವಲ್ಪ ದಪ್ಪ ಕಾಣ್ತಿತ್ತು, ಬೆರಳಿಟ್ಟು ತೋರಿಸಬಹುದು.

ಇನ್ನೊಂದು ನೋಡಿದೆ. ಒಂದು ಹಾಳೆಯ ಹಿಂದೆ ಏನೋ ಅಕ್ಷರ ಇದೆ ಆದ್ರೆ ಓದೋಕಾಗ್ತಿಲ್ಲ, ಯಾವ ಭಾಷೆ ಇದು ಅಂತ ತಿರುಗಿಸಿ ಮುರುಗಿಸಿ ನೋಡಿದ್ರೆ ಕನ್ನಡಿ ಬಿಂಬ. ಕೆಳಗಿನ ಹಾಳೆಯ ಹಸಿ ಶಾಯಿ ಮೇಲಿನದರ ಬೆನ್ನಿಗೆ ಅಂಟಿದೆ. ಅಪ್ಪಂಗೆ ಹೇಳ್ಬೇಕು ಅಂತ ಪೆನ್ಸಿಲಲ್ಲಿ ಬರ್ಕೊಂಡೆ.

ಫಿಡೋದ ಮಹತ್ವ ಏನು ಅಂತ ಇಲ್ಲೇ ಹೇಳ್ಬಿಡ್ತೀನಿ. 1939 ಸೆಪ್ಟೆಂಬರಲ್ಲಿ ಯುದ್ಧ ಶುರುವಾಯ್ತು, ಸಂಘ ಬಾಗಿಲು ಹಾಕ್ತು. ಗ್ರೇಸ್ ಇನ್ ರೋಡಿನ ಗುಂಪು ಒಡೆದು ಚೂರಾಯ್ತು, ಕ್ಲಾರ್ಕ್ ವಾಯುಪಡೆಗೆ ಹೋಗಿ ರೇಡಾರ್ ಕೆಲಸಕ್ಕೆ ಸೇರಿದ, ಟೆಂಪಲ್ ಸೈನ್ಯ ಸೇರಿ ಉತ್ತರ ಆಫ್ರಿಕಾಕ್ಕೆ ಹೋದ, ಅಲ್ಲಿ ಇಲ್ಲಿ ಅಂತ ತನ್ನ ಕಾದಂಬರಿಯ ಹಸ್ತಪ್ರತಿಯನ್ನ ಎರಡು ಸಲ ಕಳ್ಕೊಂಡು ಮೂರನೇ ಸಲ ಬರೆದ ಪುಣ್ಯಾತ್ಮ. ಅಮೆರಿಕಾದ ಮ್ಯಾಗಝೀನ್ ಬರೋದು ನಿಂತ್ಹೋಯ್ತು, ಕಾಗದಕ್ಕೆ ರೇಷನ್. ಯಾರು ಎಲ್ಲಿದಾರೆ, ಬದುಕಿದಾರಾ, ಯಾರ ಹತ್ರ ಯಾವ ಪುಸ್ತಕ ಇದೆ, ಯಾರಿಗೆ ಯಾವಾಗ ರಜೆ, ಇದನ್ನೆಲ್ಲ ಬರ್ಕೊಂಡು ಒಂದು ಕಡೆ ಸೇರಿಸಿ ಎಲ್ಲರಿಗೂ ಕಳಿಸೋನು ಒಬ್ಬ ಬೇಕಿತ್ತು, ರೋಸೆನ್‌ಬ್ಲಮ್ ಕೂತ್ಕೊಂಡು ಅದನ್ನ ಮಾಡಿದ. ಬೇರೆಯವರು ಒಂದು ಹಾಳೆ ಎರಡು ಹಾಳೆಯ ಪುಟಾಣಿ ಪತ್ರಿಕೆ ಮಾಡಿದ್ರೆ ಅದನ್ನೂ ಫಿಡೋ ಜೊತೆ ಅದೇ ಕವರಿಗೆ ತುಂಬಿ ಕಳಿಸ್ತಿದ್ದ. ಬಣ್ಣಬಣ್ಣದ ಹಾಳೆ ಒಂದೇ ಕಟ್ಟಲ್ಲಿ ಇರೋದಕ್ಕೆ ಅದೂ ಒಂದು ಕಾರಣ. ನನ್ನ ಹತ್ರ ಇರೋ ಪ್ರಿಂಟ್ ಓದಿದ್ರೆ ಗಂಭೀರ ವಿಮರ್ಶೆಗಿಂತ ಹೆಚ್ಚು ಇರೋದು ಇಂಥದ್ದೇ ಸುದ್ದಿ, ಮದುವೆ ಮನೇಲಿ ನೆಂಟರು ಮಾತಾಡೋ ತರ.

ಇನ್ನೊಂದು ವಿಚಿತ್ರ, ಹೆಸರಲ್ಲೇ 'ವಾರ್' ಇಟ್ಕೊಂಡು ಸೈನಿಕರಿಗೆ ಪತ್ರಿಕೆ ಕಳಿಸ್ತಿದ್ದ ಈ ಮನುಷ್ಯ ಸ್ವತಃ ಯುದ್ಧ ವಿರೋಧಿ. ಬಂದೂಕು ಹಿಡಿಯಲ್ಲ ಅಂದ. ಆ ಯುದ್ಧದಲ್ಲಿ ಬ್ರಿಟನ್ನಲ್ಲಿ ಹಾಗೆ ಅಂದವರು ಸುಮಾರು 60,000 ಜನ, ಒಬ್ಬೊಬ್ಬರೂ ಟ್ರಿಬ್ಯುನಲ್ ಮುಂದೆ ನಿಂತು ತಮ್ಮ ಮನಸ್ಸಾಕ್ಷಿ ನಿಜದ್ದು ಅಂತ ತೋರಿಸ್ಬೇಕಿತ್ತು, ಕೆಲವರಿಗೆ ಜೈಲು, ಬಹಳ ಜನಕ್ಕೆ ಆಸ್ಪತ್ರೆ, ಹೊಲದ ಕೆಲಸ. ಇವನಿಗೆ ಸಿಕ್ಕಿದ್ದು ಹೊಲದ ಕೆಲಸ. ಹಗಲು ಮಣ್ಣು, ರಾತ್ರಿ ಶಾಯಿ. ಸೈನ್ಯದಲ್ಲಿದ್ದ ಗೆಳೆಯರು ಇದಕ್ಕಾಗಿ ಅವನ ಕೈಬಿಡ್ಲಿಲ್ಲ, ಬ್ಯಾರಕ್ಕಿಂದ ಅವನಿಗೆ ಕಾಗದ ಬರೀತಾನೇ ಇದ್ರು. ನನಗೆ ಇದು ತುಂಬ ದೊಡ್ಡದು ಅನ್ಸುತ್ತೆ. ಈಗ ಒಂದು ವಾಟ್ಸಾಪ್ ಗುಂಪಲ್ಲಿ ಎಲೆಕ್ಷನ್ ಟೈಮಲ್ಲಿ ನಾಲ್ಕು ಜನ ಉಳಿಯಲ್ಲ.

ಸಂಜೆ ಸಂದೀಪ ಕೆಂಪು ಮಫ್ಲರ್ ಸುತ್ಕೊಂಡು ಬಂದ. ಅವನ ಸಮಾಧಾನಕ್ಕೆ ಮರ್ಸಿ ನದಿ ದಡ, ಬೀಟಲ್ಸ್ ವಿಗ್ರಹ, ಎಲ್ಲ ಆಯ್ತು. ಡೇಲ್ ಸ್ಟ್ರೀಟಲ್ಲಿ ನಿಂತಾಗ ಮಾತ್ರ ನಾನು ಬಾಯಿ ಮುಚ್ಕೊಂಡಿರೋಕಾಗದೆ ಹೇಳ್ದೆ, 1933ರಲ್ಲಿ ಈ ರಸ್ತೇಲಿ ಫಿಲಿಪ್ ಕ್ಲೀಟರ್ ಅನ್ನೋನು ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ ಶುರು ಮಾಡಿದ, ಚಂದ್ರನಿಗೆ ಹೋಗೋ ಸಂಘ, ಸದಸ್ಯರಲ್ಲಿ ಎಷ್ಟೋ ಜನ ಇದೇ ಮ್ಯಾಗಝೀನ್ ಹುಚ್ಚರು, ಕ್ಲಾರ್ಕ್ ಸಹ. "ಚಂದ್ರಂಗೆ ಹೋದ್ರಾ?" ಅಂದ. ಇಲ್ಲ ಕಣೋ, ಸಭೆ ಮಾಡಿದ್ರು.

ದಿನ 4, ಬುಧವಾರ: ಲೀಡ್ಸ್

ಬೆಳಿಗ್ಗೆ ಟ್ರೇನ್ ಕ್ಯಾನ್ಸಲ್. ಯಾವ ಕಂಪನಿ ಅಂತ ಹೇಳಲ್ಲ, ಉತ್ತರ ಇಂಗ್ಲೆಂಡಲ್ಲಿ ಓಡಾಡಿದವರಿಗೆ ಇದು ಹೊಸದಲ್ಲ. ಮುಂದಿನ ಟ್ರೇನಲ್ಲಿ ಎರಡು ಟ್ರೇನಿನ ಜನ, ಮ್ಯಾಂಚೆಸ್ಟರ್‌ವರೆಗೆ ಟಾಯ್ಲೆಟ್ ಬಾಗಿಲಿಗೆ ಒರಗಿ ನಿಂತ್ಕೊಂಡು ಹೋದ್ವಿ. ಹಡರ್ಸ್‌ಫೀಲ್ಡ್ ದಾಟಿದ ಮೇಲೆ ಸೀಟ್ ಸಿಕ್ತು. ಹೊರಗೆ ಕಪ್ಪುಗಟ್ಟಿದ ಕಲ್ಲಿನ ಮನೆಗಳು, ಹಳೇ ಗಿರಣಿ ಚಿಮಣಿಗಳು.

ಕ್ವೀನ್ ಸ್ಕ್ವೇರ್ ಹುಡುಕೋಕೆ ಕಷ್ಟ ಆಗ್ಲಿಲ್ಲ, ಯೂನಿವರ್ಸಿಟಿ ಕಟ್ಟಡಗಳ ಮಧ್ಯೆ ಸಿಕ್ಕಿಹಾಕ್ಕೊಂಡಿರೋ ಒಂದು ಪುಟ್ಟ ಚೌಕ, ನಡುವೆ ತೋಟ, ಸುತ್ತ ಇನ್ನೂರು ವರ್ಷದ ಹಳೇ ಇಟ್ಟಿಗೆ ಮನೆಗಳು. ಇಲ್ಲಿನ 14ನೇ ನಂಬರಿನ ಥಿಯೋಸಾಫಿಕಲ್ (ಬ್ರಹ್ಮವಿದ್ಯಾ ಸಮಾಜದ) ಹಾಲಲ್ಲಿ 1937 ಜನವರಿ 3, ಭಾನುವಾರ, ಲೀಡ್ಸ್ ಹುಡುಗರು ಒಂದು ಸಮ್ಮೇಳನ ಮಾಡಿದ್ರು. ಪ್ರಪಂಚದಲ್ಲೇ ಮೊದಲ ಸೈನ್ಸ್ ಫಿಕ್ಷನ್ ಕನ್ವೆನ್ಷನ್ ಅಂತ ಬ್ರಿಟಿಷರು ಹೇಳ್ತಾರೆ. ಅಮೆರಿಕನ್ನರು ಒಪ್ಪಲ್ಲ, 1936ರ ಅಕ್ಟೋಬರಲ್ಲೇ ನ್ಯೂಯಾರ್ಕ್ ಹುಡುಗರು ಟ್ರೇನ್ ಹತ್ತಿ ಫಿಲಡೆಲ್ಫಿಯಾಗೆ ಹೋಗಿ ಅಲ್ಲಿಯವರನ್ನ ಭೇಟಿ ಆಗಿದ್ರಲ್ಲ, ಅದೇ ಮೊದಲು ಅಂತಾರೆ. ನನ್ನ ಕೇಳಿದ್ರೆ ಅದು ನೆಂಟರ ಮನೆಗೆ ಹೋಗಿ ಬಂದ ಹಾಗೆ. ಮುಂಚೆನೇ ತಿಳಿಸಿ, ಹಾಲ್ ಗೊತ್ತು ಮಾಡಿ, ಭಾಷಣ, ಠರಾವು ಅಂತ ಮಾಡಿದ್ದು ಇಲ್ಲಿ. ನಾನು ಲೀಡ್ಸ್ ಪಾರ್ಟಿ.

ಬಂದವರು ಇಪ್ಪತ್ತು ಜನಾನೂ ಇರ್ಲಿಲ್ಲವೇನೋ. ಲಂಡನ್ನಿಂದ ಕ್ಲಾರ್ಕ್ ಬಂದಿದ್ದ, ಹತ್ತೊಂಬತ್ತು ವರ್ಷ ತುಂಬಿ ಮೂರು ವಾರಾನೂ ಆಗಿರ್ಲಿಲ್ಲ. ಟೆಡ್ ಕಾರ್ನೆಲ್ ಬಂದಿದ್ದ. ಇಲ್ಫರ್ಡ್‌ನ ವಾಲ್ಟರ್ ಗಿಲ್ಲಿಂಗ್ಸ್ ಬಂದಿದ್ದ, ಪತ್ರಕರ್ತ, 1930ರಲ್ಲೇ ತನ್ನ ಊರಲ್ಲಿ ಒಂದು ಕೂಟ ಕಟ್ಟಿದ್ದೋನು, ಸಮ್ಮೇಳನ ಆದ 1937ರಲ್ಲೇ 'ಟೇಲ್ಸ್ ಆಫ್ ವಂಡರ್' ಅನ್ನೋ ಮ್ಯಾಗಝೀನ್ ಶುರು ಮಾಡ್ತಾನೆ. ಲಿವರ್‌ಪೂಲ್ ಕಡೆಯಿಂದ ಕಥೆಗಾರ ಎರಿಕ್ ಫ್ರಾಂಕ್ ರಸೆಲ್. ನನೀಟನ್ನಿಂದ ಹ್ಯಾನ್ಸನ್. ಆತಿಥೇಯರು ಡಗ್ಲಸ್ ಮೇಯರ್, ಹೆರಾಲ್ಡ್ ಗಾಟ್‌ಲಿಫ್, ನಮ್ಮ ರೋಸೆನ್‌ಬ್ಲಮ್. ಆವತ್ತೇ ಸೈನ್ಸ್ ಫಿಕ್ಷನ್ ಅಸೋಸಿಯೇಷನ್ ಅಂತ ದೇಶಕ್ಕೆಲ್ಲ ಒಂದು ಸಂಘ ಮಾಡಿದ್ರು, 'ನೋವೇ ಟೆರೇ' ಅದರ ಪತ್ರಿಕೆ ಆಯ್ತು. ಮೇಯರ್ ಆ ವರ್ಷವೇ ಹವ್ಯಾಸಿಗಳ ಕಥೆಗಳಿಗೆ ಅಂತ ಒಂದು ಪತ್ರಿಕೆ ತೆಗೆದ, ಮೂರೇ ಸಂಚಿಕೆ ಬಂದಿದ್ದು, ಆದ್ರೆ ಡಿಸೆಂಬರ್ ಸಂಚಿಕೇಲಿ ಮನುಷ್ಯರನ್ನ ತಂತಿಯಲ್ಲಿ ಕಳಿಸೋ ಬಗ್ಗೆ ಕ್ಲಾರ್ಕ್ ಬರೆದ ಕಥೆ ಇತ್ತು. ಅಚ್ಚಾದ ಅವನ ಮೊದಲ ಕಥೆ ಅಂತ ಲೆಕ್ಕ ಹಾಕೋದು ಅದನ್ನೇ. ಎಂಟು ವರ್ಷ ಬಿಟ್ಟು ಅವನೇ ಉಪಗ್ರಹ ಮೇಲೆ ನಿಲ್ಲಿಸಿ ಭೂಮಿಗೆಲ್ಲ ರೇಡಿಯೋ ಕಳಿಸಬಹುದು ಅಂತ ಬರೆದ.

ಥಿಯೋಸಾಫಿಕಲ್ ಅಂದ ತಕ್ಷಣ ನನಗೆ ನೆನಪಾಗಿದ್ದು ಬಸವನಗುಡಿ. ಪಿಯುಸಿ ಓದೋಕೆ ಬೆಂಗಳೂರಿಗೆ ಬಂದಾಗ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಇನ್ಸ್ಟಿಟ್ಯೂಟ್ ಲೈಬ್ರರೀಲೇ ಕ್ಲಾರ್ಕ್ ಮೊದಲು ಓದಿದ್ದು ನಾನು, ಆ ಸಂಸ್ಥೆ ಕಟ್ಟಿದ ವಾಡಿಯಾ ಅವರೂ ಥಿಯೋಸಾಫಿಸ್ಟೇ. ಕಮ್ಮಿ ಬಾಡಿಗೆಗೆ ಹಾಲ್ ಕೊಟ್ಟು, ಯಾರು ಏನು ಮಾತಾಡಿದ್ರೂ ಬೇಡ ಅನ್ನದ ಜನ ಅಂತ ಕಾಣುತ್ತೆ ಎಲ್ಲ ಊರಲ್ಲೂ.

ತೋಟದ ಬೆಂಚಲ್ಲಿ ಕೂತು ಸ್ಟೇಷನ್ನಲ್ಲಿ ಕೊಂಡಿದ್ದ ಸ್ಯಾಂಡ್‌ವಿಚ್ ತಿಂದ್ವಿ. ಸಂದೀಪ ಮೊಬೈಲಲ್ಲಿ ಆವತ್ತಿನ ಫೋಟೋ ನೋಡ್ತಾ, "ಭಾವ, ಇವ್ರೆಲ್ಲ ಕೋಟು ಟೈ ಹಾಕ್ಕೊಂಡಿದಾರೆ, ಯಾವ್ದೋ ಬ್ಯಾಂಕ್ ಎಕ್ಸಾಮಿಗೆ ಬಂದಂಗಿದಾರೆ" ಅಂದ. ಹೌದು. ಚಳಿಗಾಲದ ಭಾನುವಾರ, ಕಿಸೆಯಲ್ಲಿ ವಾಪಸ್ ಟಿಕೆಟ್ ಬಿಟ್ರೆ ಜಾಸ್ತಿ ಏನೂ ಇರ್ಲಿಕ್ಕಿಲ್ಲ.

ಮಧ್ಯಾಹ್ನ ಪಕ್ಕದಲ್ಲೇ ಇರೋ ಸಿಟಿ ಮ್ಯೂಸಿಯಂ. ನೆಸ್ಯಾಮುನ್ ಅನ್ನೋ ಈಜಿಪ್ಟಿನ ಮಮ್ಮಿ ಇದೆ ಇಲ್ಲಿ. 1941ರ ಮಾರ್ಚಲ್ಲಿ ಲೀಡ್ಸ್ ಮೇಲೆ ಬಾಂಬ್ ಬಿದ್ದಾಗ ಹಳೇ ಮ್ಯೂಸಿಯಂ ಕಟ್ಟಡ ಒಡೆದು ಬೇರೆ ಎರಡು ಮಮ್ಮಿ ಹಾಳಾಯ್ತು, ಇವನೊಬ್ಬ ಉಳಿದ. ಮೂರು ಸಾವಿರ ವರ್ಷದ ಹಿಂದೆ ಸತ್ತು ಬಾಂಬ್ ತಪ್ಪಿಸ್ಕೊಂಡ ಭೂಪ. ಆ ವಾರಗಳಲ್ಲಿ ಇದೇ ಊರಲ್ಲಿ ಫಿಡೋ ಇನ್ನೂ ಅರ್ಧ ವರ್ಷದ ಕೂಸು.

ದಿನ 5, ಗುರುವಾರ: ಚಾಪೆಲ್‌ಟೌನ್

ರೋಸೆನ್‌ಬ್ಲಮ್ ಇದ್ದಿದ್ದು, ಫಿಡೋ ಹೊರಡ್ತಿದ್ದಿದ್ದು ಚಾಪೆಲ್‌ಟೌನಿಂದ. ಬೆಳಿಗ್ಗೆ ಬಸ್ ಹತ್ತಿದ್ವಿ. ಮನೆ ನಂಬರ್ ಹುಡುಕೋಕೆ ಹೋಗ್ಲಿಲ್ಲ, ಯಾರೋ ವಾಸ ಇರೋ ಮನೆ ಮುಂದೆ ನಿಂತು ಫೋಟೋ ತೆಗೆಯೋದು ನನಗೆ ಹಿಡಿಸಲ್ಲ. ಆಗ ಇದು ಯಹೂದಿಗಳು ಹೆಚ್ಚಿದ್ದ ಬಡಾವಣೆ, ಆಮೇಲೆ ಕೆರಿಬಿಯನ್ನಿಂದ ಬಂದವರು, ನಮ್ಮ ಪಂಜಾಬಿಗಳು. 1967ರಿಂದ ಇಲ್ಲಿ ವೆಸ್ಟ್ ಇಂಡಿಯನ್ ಕಾರ್ನಿವಲ್ ನಡೆಯುತ್ತೆ. ರಸ್ತೆ ಬದಿ ಅಂಗಡೀಲಿ ಬಾಳೆಕಾಯಿ, ಮರಗೆಣಸು, ಬೆಂಡೆಕಾಯಿ. ಹಳೇ ಕೆಂಪಿಟ್ಟಿಗೆ ಮನೆಗಳು ಸಾಲಾಗಿ. ಒಂದು ಮೂಲೇಲಿ ಕೆಂಪು ಅಂಚೆ ಡಬ್ಬಿ. ಇದಕ್ಕೇ ಹಾಕ್ತಿದ್ನಾ ಅಂತ ಯೋಚನೆ ಬಂತು, ಹತ್ರ ಹೋಗಿ ನೋಡಿದ್ರೆ ಎರಡನೇ ಎಲಿಜಬೆತ್ ರಾಣಿ ಕಾಲದ ಗುರುತು ಇತ್ತು, ಆಗಿದ್ದಿದ್ದು ಅವರಪ್ಪ. ಅದಲ್ಲ.

ಯುದ್ಧ ಮುಗಿದ ಮೇಲೂ ಈ ಮನುಷ್ಯನ ಕೈ ಸುಮ್ನಿರ್ಲಿಲ್ಲ, ಐವತ್ತರ ದಶಕದಲ್ಲಿ 'ನ್ಯೂ ಫ್ಯೂಚರಿಯನ್' ಅಂತ ಮತ್ತೆ ಪತ್ರಿಕೆ ತೆಗೆದ. ಅದರಲ್ಲಿ ಹಳೇ ಗೆಳೆಯರ ಹತ್ರ ಹಳೇ ದಿನದ ನೆನಪು ಬರೆಸಿದ. 1978ರಲ್ಲಿ ತೀರ್ಕೊಂಡ. ಕ್ಲಾರ್ಕ್ ಆ ಹೊತ್ತಿಗೆ ಇಡೀ ಪ್ರಪಂಚಕ್ಕೆ ಗೊತ್ತು, ಇವನು ಆ ಹಳೇ ಗುಂಪಿಗೆ ಗೊತ್ತು.

ಪಾಟರ್‌ನ್ಯೂಟನ್ ಪಾರ್ಕಲ್ಲಿ ಬಿಸಿಲು ಬಂದಿತ್ತು. ಬೆಂಚಲ್ಲಿ ಕೂತು ಅಪ್ಪಂಗೆ ವೀಡಿಯೋ ಕಾಲ್ ಮಾಡಿ ಬ್ಯಾಗಲ್ಲಿದ್ದ ಪ್ರಿಂಟ್ ಹಿಡಿದು ತೋರಿಸ್ದೆ. ಕನ್ನಡಕ ಏರಿಸ್ಕೊಂಡು ನೋಡಿದ್ರು. ಯಾರು, ಎಲ್ಲಿ, ಯಾವ ಯುದ್ಧ, ಏನೂ ಕೇಳ್ಲಿಲ್ಲ.

"ಕೈ ಜೋರು ಇವಂದು. ಓ ಎಲ್ಲ ತುಂಬ್ಕೊಂಡಿದೆ ನೋಡು."

ಹೌದು ಅಪ್ಪ ಅಂದು ಲಿವರ್‌ಪೂಲಲ್ಲಿ ನೋಡಿದ್ದ ಆ ಕನ್ನಡಿ ಅಕ್ಷರದ ಹಾಳೆ ಬಗ್ಗೆ ಹೇಳ್ದೆ, ಬೆನ್ನಿಗೆ ಶಾಯಿ ಅಂಟಿರೋದು.

"ಅದು ಅಂಟೇ ಅಂಟುತ್ತೆ. ಎರಡು ಹಾಳೆ ಮಧ್ಯೆ ಒಂದು ರದ್ದಿ ಹಾಳೆ ಹಾಕ್ತಾ ಹೋಗ್ಬೇಕು, ಒಬ್ಬ ಹಿಡಿಕೆ ತಿರುಗ್ಸೋದು, ಇನ್ನೊಬ್ಬ ಹಾಕೋದು. ಒಬ್ನೇ ಮಾಡಿದಾನೆ ಅನ್ಸುತ್ತೆ."

"ಅಪ್ಪ, ಯುದ್ಧದ ಟೈಮು. ರದ್ದಿ ಪೇಪರ್ರೂ ಸಿಕ್ತಿರ್ಲಿಲ್ಲ."

"ನಮಗೇನು ಸಿಕ್ತಿತ್ತಾ? ಹಳೇ ಪಂಚಾಂಗ ಹರಿದು ಹಾಕ್ತಿದ್ವಿ. ನಿಮ್ಮಜ್ಜ ಒಂದ್ಸಲ ಅಟ್ಟದ ಮೇಲೆ ಹುಡುಕಿ ಹುಡುಕಿ..." ಅಂತ ನಗೋಕೆ ಶುರು ಮಾಡಿದ್ರು, ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು, ಸಂದೀಪ "ಭಾವ, ಬಸ್ಸು!" ಅಂತ ಗೇಟ್ ಕಡೆ ಓಡ್ತಿದ್ದ.